ಹುಟ್ಟಿದವರು ಮತ್ತು ಹುಟ್ಟಲಿರುವವರು: ಕಲ್ಯಾಣದ ನ್ಯಾಯಚಿಂತನೆ ಹಾಗೂ ಅಂತರರಾಷ್ಟ್ರೀಯ ಪರಿಸರ ಕಾನೂನಿನ ತಾತ್ವಿಕ ನೆಲೆಗಳು

ಅಂತರರಾಷ್ಟ್ರೀಯ ಪರಿಸರ ಕಾನೂನಿನ ಚರಿತ್ರೆಯನ್ನು ಸಾಮಾನ್ಯವಾಗಿ 1972ರ ಸ್ಟಾಕ್‌ಹೋಮ್ ಸಮ್ಮೇಳನದಿಂದ ಆರಂಭಿಸುವ ರೂಢಿಯಿದೆ. ಒಪ್ಪಂದಗಳ ಚರಿತ್ರೆಯ ಮಟ್ಟಿಗೆ ಇದು ಸರಿ. ಆದರೆ ಆ ಒಪ್ಪಂದಗಳ ಬೆನ್ನ ಹಿಂದಿರುವ ವಿಚಾರಗಳು ಯಾವುವು, ಅವು ಯಾವ ಯಾವ ಸಮಾಜಗಳ ಅನುಭವದಲ್ಲಿ ಬೇರು ಬಿಟ್ಟಿವೆ ಎಂಬ ಪ್ರಶ್ನೆಗೆ ಈ ಕಾಲಗಣನೆ ಉತ್ತರ ಕೊಡಲಾರದು. ನೆಲ, ನೀರು, ಮರಗಳ ಮೇಲೆ ಮನುಷ್ಯನಿಗಿರುವ ಹಕ್ಕು ಎಂಥದು, ಅದರ ಮಿತಿ ಎಲ್ಲಿದೆ, ಇನ್ನೂ ಹುಟ್ಟದವರಿಗೆ ಅದರಲ್ಲಿ ಪಾಲಿದೆಯೇ ಎಂಬ ಜಿಜ್ಞಾಸೆ ವಿಶ್ವಸಂಸ್ಥೆಗಿಂತ ಬಹಳ ಹಳೆಯದು. ಈ ಜಿಜ್ಞಾಸೆಗೆ ಕನ್ನಡ ನಾಡಿನ ಉತ್ತರದ ಅಂಚಿನಲ್ಲಿ, ಕಲ್ಯಾಣವನ್ನು ಕೇಂದ್ರವಾಗಿಟ್ಟುಕೊಂಡ ಸೀಮೆಯಲ್ಲಿ, ಶಾಸ್ತ್ರ, ಶಾಸನ, ಶರಣಚಿಂತನೆ ಮತ್ತು ಜನಪದ ಆಚರಣೆ ಎಂಬ ನಾಲ್ಕು ನೆಲೆಗಳಲ್ಲಿ ಉತ್ತರಗಳು ದೊರೆಯುತ್ತವೆ. ಅವುಗಳನ್ನು ಆಧುನಿಕ ಕಾನೂನಿನ ತತ್ತ್ವಗಳ ಎದುರು ಇಟ್ಟು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ಸೀಮೆಯ ಸ್ವರೂಪ

ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿಗೆ ಸೇರಿದ ಹಳ್ಳಿಖೇಡ (ಬಿ) ಎಂಬ ಊರಿನ ಹೆಸರೇ ಈ ಸೀಮೆಯ ಚರಿತ್ರೆಯನ್ನು ಸಂಕ್ಷೇಪವಾಗಿ ಹೇಳುತ್ತದೆ. ‘ಹಳ್ಳಿ’ ಕನ್ನಡದ ಪದ. ‘ಖೇಡ’ ಮರಾಠಿಯಲ್ಲಿ ಊರೆಂಬ ಅರ್ಥದ ಪದ. ಅದರ ಮೂಲ ಸಂಸ್ಕೃತದ ‘ಖೇಟ’. ಆವರಣದೊಳಗಿನ ‘ಬಿ’ ಎಂಬುದು ಹೈದರಾಬಾದ್ ಸಂಸ್ಥಾನದ ಕಂದಾಯ ದಾಖಲೆಗಳಿಂದ ಬಂದ ‘ಬುಜುರ್ಗ್’ ಎಂಬ ಪಾರಸಿ ಪದದ ಮೊದಲಕ್ಷರ. ಒಂದೇ ಹೆಸರಿನ ಎರಡು ಊರುಗಳಿದ್ದಲ್ಲಿ ಹಿರಿಯದನ್ನು ಬುಜುರ್ಗ್ ಎಂದೂ ಕಿರಿಯದನ್ನು ಖುರ್ದ್ ಎಂದೂ ಗುರುತಿಸುವ ಪದ್ಧತಿ ಅಲ್ಲಿತ್ತು. ಹೀಗೆ ಒಂದೇ ಊರಿನ ಹೆಸರಿನಲ್ಲಿ ಮೂರು ಭಾಷೆಗಳು ನೆಲೆಸಿವೆ.

ಇಲ್ಲಿಯ ನೀರಿಗೂ ಇಂಥದೇ ಸ್ವಭಾವವಿದೆ. ಕಾರಂಜಾ ನದಿ ಮಾಂಜ್ರಾ ನದಿಯನ್ನು ಕೂಡುತ್ತದೆ. ಮಾಂಜ್ರಾ ಮಹಾರಾಷ್ಟ್ರದ ಬಾಲಾಘಾಟ್ ಗುಡ್ಡಗಳಲ್ಲಿ ಹುಟ್ಟಿ, ಬೀದರ್ ಜಿಲ್ಲೆಯನ್ನು ಹಾದು, ತೆಲಂಗಾಣವನ್ನು ಪ್ರವೇಶಿಸಿ ಗೋದಾವರಿಯಲ್ಲಿ ಲೀನವಾಗುತ್ತದೆ. 1948ರವರೆಗೆ ಈ ಕೊಳ್ಳದ ಬಹುಭಾಗ ಒಬ್ಬನೇ ಅರಸನ ಆಳ್ವಿಕೆಯಲ್ಲಿತ್ತು. 1956ರ ರಾಜ್ಯ ಪುನರ್ವಿಂಗಡಣೆಯ ನಂತರ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಗೋದಾವರಿ ಜಲವಿವಾದ ನ್ಯಾಯಾಧಿಕರಣವು 1980ರಲ್ಲಿ ನೀಡಿದ ಅಂತಿಮ ತೀರ್ಪು ರಾಜ್ಯಗಳು ತಮ್ಮತಮ್ಮೊಳಗೆ ಮಾಡಿಕೊಂಡ ಒಪ್ಪಂದಗಳನ್ನು ಆಧರಿಸಿತ್ತು. ನೀರು ಗಡಿಯನ್ನು ಅರಿಯದು, ಆಡಳಿತವಾದರೋ ಗಡಿಯಿಲ್ಲದೆ ನಡೆಯದು. ಅಂತರರಾಷ್ಟ್ರೀಯ ಪರಿಸರ ಕಾನೂನು ಹುಟ್ಟಿದ್ದು ಈ ವಿರೋಧಾಭಾಸದಿಂದಲೇ. ಆದ್ದರಿಂದ ಗಡಿನಾಡಿನ ಒಂದು ಸೀಮೆಯಿಂದ ಅದರ ತಾತ್ವಿಕ ನೆಲೆಗಳನ್ನು ನೋಡುವುದು ಅಸಂಗತವಲ್ಲ.

2. ಆಧುನಿಕ ಕಾನೂನಿನ ಮೂರು ಆಧಾರಗಳು

ಈ ಕಾನೂನಿನ ತಾತ್ವಿಕ ನೆಲೆಗಳನ್ನು ಸ್ಥೂಲವಾಗಿ ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಪರಬಾಧಾ ನಿಷೇಧ. ಕೆನಡಾದ ಟ್ರೇಲ್ ಎಂಬಲ್ಲಿದ್ದ ಲೋಹ ಕರಗಿಸುವ ಕಾರ್ಖಾನೆಯ ಹೊಗೆ ಗಡಿಯಾಚೆಯ ಅಮೆರಿಕದ ರೈತರ ಬೆಳೆಯನ್ನು ಕೆಡಿಸಿದಾಗ, ತನ್ನ ನೆಲವನ್ನು ಪರರ ನೆಲಕ್ಕೆ ಹಾನಿಯಾಗುವಂತೆ ಬಳಸುವ ಹಕ್ಕು ಯಾವ ರಾಷ್ಟ್ರಕ್ಕೂ ಇಲ್ಲವೆಂದು ಪಂಚಾಯ್ತಿ ಮಂಡಳಿಯು 1941ರಲ್ಲಿ ತೀರ್ಮಾನಿಸಿತು. ಸ್ಟಾಕ್‌ಹೋಮ್ ಘೋಷಣೆಯ 21ನೆಯ ತತ್ತ್ವವು ಇದನ್ನೇ ಸಾರ್ವತ್ರಿಕಗೊಳಿಸಿತು.

ಎರಡನೆಯದು ತಲೆಮಾರುಗಳ ನಡುವಿನ ನ್ಯಾಯ. 1987ರ ಬ್ರಂಟ್‌ಲ್ಯಾಂಡ್ ವರದಿ ಇದನ್ನು ಸುಸ್ಥಿರ ಅಭಿವೃದ್ಧಿಯ ಹೆಸರಿನಲ್ಲಿ ಪ್ರಚುರಪಡಿಸಿತು. 1989ರಲ್ಲಿ ಈಡಿತ್ ಬ್ರೌನ್ ವೈಸ್ ಅವರು ಭೂಮಿಯನ್ನು ಒಂದು ನ್ಯಾಸವೆಂದು, ಇಂದಿನ ತಲೆಮಾರು ಅದರ ಧರ್ಮದರ್ಶಿಯೂ ಫಲಾನುಭವಿಯೂ ಆಗಿದೆಯೆಂದು ಪ್ರತಿಪಾದಿಸಿದರು. 1993ರಲ್ಲಿ ಫಿಲಿಪೈನ್ಸಿನ ಸರ್ವೋಚ್ಚ ನ್ಯಾಯಾಲಯವು, ಕಾಡುಗಳ ರಕ್ಷಣೆಗಾಗಿ ಮಕ್ಕಳು ತಮ್ಮ ಪರವಾಗಿಯೂ ಹುಟ್ಟಲಿರುವವರ ಪರವಾಗಿಯೂ ದಾವೆ ಹೂಡಬಹುದೆಂದು ಒಪ್ಪಿತು.

ಮೂರನೆಯದು ಜೀವಜಾಲಕ್ಕೆ ತನ್ನದೇ ಆದ ಮೌಲ್ಯವಿದೆಯೆಂಬ ನಿಲುವು. ಮನುಷ್ಯನಿಗೆ ಉಪಯುಕ್ತವೋ ಅಲ್ಲವೋ ಎಂಬುದನ್ನು ಗಣಿಸದೆ ಪ್ರತಿಯೊಂದು ಜೀವರೂಪವೂ ಗೌರವಾರ್ಹವೆಂದು 1982ರ ವಿಶ್ವ ಪ್ರಕೃತಿ ಸನ್ನದು ಹೇಳಿತು. 1992ರ ಜೀವವೈವಿಧ್ಯ ಒಡಂಬಡಿಕೆಯ ಪೀಠಿಕೆಯೂ ಇದನ್ನು ಅಂಗೀಕರಿಸಿದೆ. ಅದೇ ಒಡಂಬಡಿಕೆಯ 8ನೆಯ ವಿಧಿಯ ‘ಜೆ’ ಉಪವಿಧಿಯು ಸ್ಥಳೀಯ ಸಮುದಾಯಗಳ ಪಾರಂಪರಿಕ ಜ್ಞಾನವನ್ನು ಉಳಿಸುವ ಹೊಣೆಯನ್ನು ರಾಷ್ಟ್ರಗಳ ಮೇಲೆ ಹೊರಿಸಿದ್ದರಿಂದ, ಜಾನಪದ ಅಧ್ಯಯನವು ಈ ಕಾನೂನಿನ ಹೊರಗಿನ ವಿಷಯವಾಗಿ ಉಳಿಯಲಿಲ್ಲ.

3. ಮಿತಾಕ್ಷರೆಯ ಸ್ವತ್ವವಿಚಾರ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಆಳ್ವಿಕೆಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ‘ಮಿತಾಕ್ಷರ’ ಎಂಬ ವ್ಯಾಖ್ಯಾನವು ಭಾರತದ ನ್ಯಾಯಚರಿತ್ರೆಯಲ್ಲಿ ಪಡೆದ ಸ್ಥಾನ ಸುವಿದಿತ. ಇದನ್ನು ಆಸ್ತಿ ವಿಭಾಗದ ಗ್ರಂಥವೆಂದೇ ಪರಿಗಣಿಸುತ್ತ ಬಂದಿರುವುದರಿಂದ ಅದರ ಮೂರು ಅಂಶಗಳು ಪರಿಸರ ಚಿಂತನೆಯ ದೃಷ್ಟಿಯಿಂದ ಹೆಚ್ಚು ಚರ್ಚೆಗೆ ಒಳಗಾಗಿಲ್ಲ.

ಮೊದಲನೆಯದು ಸ್ವತ್ವದ, ಅಂದರೆ ಒಡೆತನದ, ಮೂಲವನ್ನು ಕುರಿತದ್ದು. ಒಡೆತನ ಶಾಸ್ತ್ರದಿಂದ ಹುಟ್ಟಿದ್ದೇ, ಲೋಕದಿಂದ ಹುಟ್ಟಿದ್ದೇ ಎಂಬ ಪ್ರಶ್ನೆಯನ್ನು ವಿಜ್ಞಾನೇಶ್ವರನು ಎತ್ತಿಕೊಂಡು, ಅದು ಲೌಕಿಕವೇ ಎಂದು ನಿರ್ಣಯಿಸುತ್ತಾನೆ. ಅದಕ್ಕೆ ಅವನು ಕೊಡುವ ಕಾರಣಗಳಲ್ಲಿ ಒಂದು ವಿಶೇಷವಾಗಿ ಗಮನಾರ್ಹ: ಶಾಸ್ತ್ರವನ್ನೇ ಅರಿಯದ ಗಡಿಸೀಮೆಯ ವಾಸಿಗಳಲ್ಲಿಯೂ ಕೊಡುಕೊಳ್ಳುವಿಕೆ ನಡೆಯುತ್ತದೆ, ಆದ್ದರಿಂದ ತನ್ನದು ಪರರದು ಎಂಬ ವಿವೇಕ ಅವರಲ್ಲಿಯೂ ಇದೆ. ಹಕ್ಕಿನ ಬುಡ ಜನರ ವ್ಯವಹಾರದಲ್ಲಿದೆ, ಶಾಸ್ತ್ರ ಅದನ್ನು ಕ್ರಮಪಡಿಸುತ್ತದೆ ಎಂಬ ಈ ವಾದವು ರೂಢಿಯನ್ನು ಕಾನೂನಿನ ಆಕರವೆಂದು ಒಪ್ಪುವ ಅಂತರರಾಷ್ಟ್ರೀಯ ಕಾನೂನಿನ ನಿಲುವಿಗೆ ಸಮೀಪದ್ದಾಗಿದೆ.

ಎರಡನೆಯದು ಜನ್ಮಸ್ವತ್ವ. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು ಬರುತ್ತದೆಯೇ ಹೊರತು ತಂದೆಯ ಮರಣದಿಂದಲ್ಲ ಎಂಬುದು ಮಿತಾಕ್ಷರೆಯ ಪ್ರಸಿದ್ಧ ಸಿದ್ಧಾಂತ. ಸ್ಥಿರಾಸ್ತಿಯ ಸಂದರ್ಭದಲ್ಲಿ ಅವನು ಉದಾಹರಿಸುವ ಸ್ಮೃತಿವಚನವೊಂದರ ತಾತ್ಪರ್ಯ ಹೀಗಿದೆ: ಹುಟ್ಟಿದವರು, ಇನ್ನೂ ಹುಟ್ಟದವರು, ಗರ್ಭದಲ್ಲಿರುವವರು ಎಲ್ಲರೂ ಜೀವನಾಧಾರವನ್ನು ಬಯಸುತ್ತಾರಾದ್ದರಿಂದ ಅದನ್ನು ದಾನ ಮಾಡಲಾಗದು, ಮಾರಲಾಗದು. ಆಪತ್ಕಾಲ, ಕುಟುಂಬದ ಪೋಷಣೆ ಮತ್ತು ಧರ್ಮಕಾರ್ಯಗಳನ್ನು ಮಾತ್ರ ಅಪವಾದಗಳೆಂದು ಹೇಳಲಾಗಿದೆ. ಇಂದಿನ ಒಡೆಯನು ನಾಳಿನವರ ಪರವಾಗಿ ಸೊತ್ತನ್ನು ಕಾಯುವವನು, ಅವನ ವಿನಿಯೋಗದ ಅಧಿಕಾರಕ್ಕೆ ಹುಟ್ಟದವನ ಹಸಿವೇ ಮೇರೆ ಎಂಬ ವಿಚಾರವನ್ನು ಇಷ್ಟು ನೇರವಾಗಿ ಹೇಳಿದ ನ್ಯಾಯಗ್ರಂಥಗಳು ವಿರಳ. ತಲೆಮಾರುಗಳ ನಡುವಿನ ನ್ಯಾಯವೆಂದು ಇಪ್ಪತ್ತನೆಯ ಶತಮಾನದಲ್ಲಿ ಹೆಸರು ಪಡೆದ ತತ್ತ್ವದ ಬೀಜ, ಕುಟುಂಬವೆಂಬ ಕಿರಿದಾದ ಪಾತ್ರೆಯಲ್ಲಿ, ಇಲ್ಲಿದೆ.

ಮೂರನೆಯದು ಸೀಮೆ, ಗೋಮಾಳ, ಮರ ಮತ್ತು ನೀರಿಗೆ ಸಂಬಂಧಿಸಿದ ಪ್ರಕರಣಗಳು. ಸೀಮಾವಿವಾದದಲ್ಲಿ ಸಾಕ್ಷಿ ಹೇಳಬೇಕಾದವರು ಸುತ್ತಲ ಊರವರು, ವೃದ್ಧರು, ದನಗಾಹಿಗಳು, ಗಡಿಯ ಹೊಲ ಉಳುವವರು ಮತ್ತು ಕಾಡಿನಲ್ಲಿ ಸಂಚರಿಸುವವರು ಎಂದು ಯಾಜ್ಞವಲ್ಕ್ಯ ಸ್ಮೃತಿ ವಿಧಿಸುತ್ತದೆ. ಮರ, ಒಡ್ಡು, ಹುತ್ತ, ತಗ್ಗು, ಇದ್ದಿಲು, ಹೊಟ್ಟು ಇವು ಗಡಿಯ ಗುರುತುಗಳು. ಊರಿಗೂ ಹೊಲಕ್ಕೂ ನಡುವೆ ನೂರು ಧನುಸ್ಸಿನಷ್ಟು ನೆಲವನ್ನು ಬಿಡಬೇಕು. ಊರು ದೊಡ್ಡದಾದಂತೆ ಈ ಅಳತೆ ಇನ್ನೂರು, ನಾನೂರು ಧನುಸ್ಸುಗಳಿಗೆ ಏರುತ್ತದೆ. ಆಲದಂತೆ ಚಿಗುರುವ ಮರಗಳ, ಮಾವಿನಂತೆ ಜೀವನಕ್ಕೆ ಒದಗುವ ಮರಗಳ ಕೊಂಬೆ ಕಡಿದರೆ 20, ಕಾಂಡ ಕಡಿದರೆ 40, ಬುಡಸಹಿತ ಕಡಿದರೆ 80 ಪಣಗಳ ದಂಡ. ಅದೇ ಮರ ಚೈತ್ಯ, ಸ್ಮಶಾನ, ಸೀಮೆ, ಪುಣ್ಯಸ್ಥಳ, ದೇವಾಲಯಗಳಲ್ಲಿದ್ದರೆ ದಂಡ ಇಮ್ಮಡಿ. ಪೊದೆ, ಬಳ್ಳಿ, ಔಷಧಿ ಸಸ್ಯಗಳಿಗೆ ಅರ್ಧ ದಂಡ. ಇನ್ನೊಬ್ಬನ ನೆಲದಲ್ಲಿ ಒಡ್ಡು ಕಟ್ಟುವುದರಿಂದ ಹಿತ ಹೆಚ್ಚಾಗಿ ಬಾಧೆ ಅಲ್ಪವಾಗಿದ್ದರೆ ಅದನ್ನು ತಡೆಯಬಾರದು. ಸ್ವಲ್ಪ ನೆಲ ತೆಗೆದುಕೊಂಡು ಬಹಳ ನೀರು ಕೊಡುವ ಬಾವಿಗೂ ಇದೇ ನಿಯಮ. ಬಾಧೆಯನ್ನೂ ಹಿತವನ್ನೂ ತಕ್ಕಡಿಯಲ್ಲಿಟ್ಟು ತೂಗುವ ಈ ಕ್ರಮ ಇಂದಿನ ಪರಿಸರ ನ್ಯಾಯಶಾಸ್ತ್ರಕ್ಕೆ ಪರಿಚಿತವಾದುದೇ.

1810ರಲ್ಲಿ ಕೋಲ್‌ಬ್ರೂಕ್ ಮಿತಾಕ್ಷರೆಯ ದಾಯಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದನು. ಬ್ರಿಟಿಷ್ ನ್ಯಾಯಾಲಯಗಳಿಗೆ ಬೇಕಾದದ್ದು ಹಿಂದೂ ಕುಟುಂಬದ ಆಸ್ತಿಯ ನಿಯಮಗಳು ಮಾತ್ರ. ನೆಲ, ಕಾಡು, ಗೋಮಾಳಗಳನ್ನು ವಸಾಹತು ಸರಕಾರ ತನ್ನ ಕಂದಾಯ ಮತ್ತು ಅರಣ್ಯ ಕಾಯಿದೆಗಳ ವಶಕ್ಕೆ ತೆಗೆದುಕೊಂಡಿತು. ಹೀಗಾಗಿ ಒಂದೇ ಗ್ರಂಥದ ಒಂದು ಭಾಗ ನ್ಯಾಯಾಲಯದಲ್ಲಿ ಜೀವಂತವಾಗಿ ಉಳಿದು, ಸಾಮುದಾಯಿಕ ಸಂಪನ್ಮೂಲಗಳನ್ನು ಕುರಿತ ಭಾಗ ಪಂಡಿತರ ಪಾಠಕ್ಕೆ ಸೀಮಿತವಾಯಿತು. ತಂದೆಯ ಹೊಲದಲ್ಲಿ ಹುಟ್ಟಲಿರುವವನಿಗೆ ಪಾಲಿದೆಯೆಂದು ಒಪ್ಪಿದ ನ್ಯಾಯ, ಊರ ಗೋಮಾಳದಲ್ಲಿ ಅದೇ ಮಗುವಿಗೆ ಪಾಲಿದೆಯೇ ಎಂದು ಕೇಳಲಿಲ್ಲ.

4. ಶಾಸನ ಮತ್ತು ಶರಣಚಿಂತನೆ

ಶಾಸ್ತ್ರದ ವಿಧಿ ನೆಲದ ಮೇಲೆ ಇಳಿದುದನ್ನು ಶಾಸನಗಳಲ್ಲಿ ಕಾಣಬಹುದು. ಹುಮನಾಬಾದ್ ತಾಲ್ಲೂಕಿನ ಜಲಸಂಗಿಯ ಚಾಲುಕ್ಯ ದೇಗುಲದಲ್ಲಿ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಬರೆಯುತ್ತಿರುವ ಶಿಲಾಬಾಲಿಕೆಯ ಶಿಲ್ಪವಿದೆ. ಬರಹಕ್ಕೆ ಆ ಕಾಲ ಕೊಟ್ಟ ಗೌರವಕ್ಕೆ ಅದೊಂದು ನಿದರ್ಶನ. ಆ ಕಾಲದ ದಾನಶಾಸನಗಳು ದತ್ತಿಯ ನೆಲದ ಮೇರೆಯನ್ನು ಹಳ್ಳ, ಹುತ್ತ, ಮರ, ನೆಟ್ಟ ಕಲ್ಲುಗಳಿಂದ ಗುರುತಿಸುತ್ತವೆ. ಕೊನೆಯಲ್ಲಿ ಬರುವ ಶಾಪಾಶಯವು, ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಗಳನ್ನು ಕೊಂದ ಪಾಪ ತಟ್ಟುತ್ತದೆಯೆಂದು ಎಚ್ಚರಿಸುತ್ತದೆ. ಇದರ ಜೊತೆಗೆ, ಈ ಧರ್ಮ ಅರಸರಿಗೆಲ್ಲ ಸಾಮಾನ್ಯವಾದ ಸೇತುವೆ, ಮುಂದೆ ಬರುವ ಅರಸರು ಇದನ್ನು ಕಾಯಬೇಕು ಎಂಬ ಬಿನ್ನಹವೂ ಅನೇಕ ಶಾಸನಗಳಲ್ಲಿದೆ. ತನ್ನ ವಂಶದವನಲ್ಲದ, ಪ್ರಾಯಶಃ ಶತ್ರುವೇ ಆಗಬಹುದಾದ ಭವಿಷ್ಯದ ಅರಸನನ್ನು ಸಂಬೋಧಿಸುವ ಈ ಮಾತು ವಿಚಾರಾರ್ಹ. ಬದ್ಧಗೊಳಿಸುವ ಮೇಲಧಿಕಾರಿ ಇಲ್ಲದಿರುವಲ್ಲಿ ಸಮಾನರ ನಡುವಿನ ಹೊಣೆಯನ್ನು ನೈತಿಕ ಭಯ ಮತ್ತು ಪರಸ್ಪರ ಗೌರವಗಳ ಮೇಲೆ ನಿಲ್ಲಿಸುವ ಪ್ರಯತ್ನವಿದು. ಇಂದಿನ ಸಾರ್ವಭೌಮ ರಾಷ್ಟ್ರಗಳ ನಡುವಿನ ಕಾನೂನಿನ ಇಕ್ಕಟ್ಟೂ ಇದೇ.

ಅರಮನೆಯ ದೃಷ್ಟಿ ಮಾತ್ರ ಏಕರೂಪವಾಗಿರಲಿಲ್ಲ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ಬೇಟೆಯನ್ನೂ ಮೀನು ಹಿಡಿಯುವುದನ್ನೂ ರಾಜವಿನೋದಗಳಾಗಿ ವಿಸ್ತಾರವಾಗಿ ವರ್ಣಿಸುತ್ತದೆ. ಜೀವಜಾಲದ ಸೂಕ್ಷ್ಮ ಪರಿಚಯ ಅಲ್ಲಿದೆ. ಆದರೆ ಆ ಪರಿಚಯ ಒಡೆಯನ ಸಂತೋಷಕ್ಕೆ ಅಧೀನವಾಗಿದೆ.

ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ, ಬಿಜ್ಜಳನ ಕಾಲದಲ್ಲಿ, ಅದೇ ಕಲ್ಯಾಣದಲ್ಲಿ ಬಸವಾದಿ ಶರಣರು ಒಡೆತನದ ಪ್ರಶ್ನೆಯನ್ನು ಬೇರೆ ದಿಕ್ಕಿನಿಂದ ಎತ್ತಿದರು. ಕಾಯಕ ಮತ್ತು ದಾಸೋಹಗಳ ತತ್ತ್ವದಲ್ಲಿ ಗಳಿಕೆಗೆ ದುಡಿಮೆಯೂ ಬಳಕೆಗೆ ಹಂಚಿಕೆಯೂ ಮೇರೆಗಳಾದವು. ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ಆಯ್ದಕ್ಕಿ ಮಾರಯ್ಯನು ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ, ಹೆಂಡತಿ ಲಕ್ಕಮ್ಮ ಆ ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಶರಣಪರಂಪರೆಯಲ್ಲಿ ಪ್ರಸಿದ್ಧ. ಲಕ್ಕಮ್ಮನ ಆಕ್ಷೇಪಕ್ಕೆ ಕಾರಣ ಅಕ್ಕಿ ಪರರದೆಂಬುದಲ್ಲ. ಅಂದಿನ ಅಗತ್ಯವನ್ನು ಮೀರಿದ ಸಂಗ್ರಹ ಆಸೆಯೆನಿಸುತ್ತದೆ ಎಂಬುದು. ಮಿತಾಕ್ಷರೆಯು ಯಾರ ಪಾಲು ಎಷ್ಟು ಎಂದು ವಿಚಾರಿಸಿದರೆ, ಲಕ್ಕಮ್ಮ ಎಷ್ಟು ಸಾಕು ಎಂದು ಕೇಳಿದಳು. 1972ರಿಂದೀಚಿನ ಒಪ್ಪಂದಗಳು ಮೊದಲ ಪ್ರಶ್ನೆಯಲ್ಲಿ ಬಹಳ ದೂರ ನಡೆದಿವೆ. ಎರಡನೆಯದನ್ನು ಅವು ಮುಟ್ಟಿರುವುದು ಕಡಿಮೆ.

5. ಜನಪದರ ಆಚರಣೆ ಮತ್ತು ನೀರಿನ ವಿವೇಕ

ಮಾರ್ಗಶಿರ ಮಾಸದ ಅಮಾವಾಸ್ಯೆಯಂದು ಬೀದರ್ ಜಿಲ್ಲೆಯ ರೈತರು ಆಚರಿಸುವ ಎಳ್ಳಮಾವಾಸ್ಯೆ ಹೊಲದಲ್ಲಿಯೇ ನಡೆಯುವ ಹಬ್ಬ. ಹಿಂಗಾರಿಯ ಬಿಳಿಜೋಳ, ಕಡಲೆಗಳು ನಿಂತಿರುವ ಹೊಲದ ನಡುವೆ ಜೋಳದ ದಂಟಿನ ಕೊಂಪೆ ಹಾಕಿ, ಪಾಂಡವರೆಂದು ಐದು ಕಲ್ಲುಗಳನ್ನು ಪೂಜಿಸಿ, ಭಜ್ಜಿ, ಸಜ್ಜೆಯ ರೊಟ್ಟಿ, ಕಡುಬು, ಅಂಬಲಿಗಳ ನೈವೇದ್ಯ ಮಾಡಿ, ಹೊಲದ ತುಂಬ ಚರಗ ಚೆಲ್ಲುತ್ತಾರೆ. ಬೆಳೆ ಕೈಗೆ ಬರುವ ಮೊದಲೇ ಭೂಮಿಗೆ, ಹಕ್ಕಿಪಕ್ಷಿಗಳಿಗೆ, ಕಣ್ಣಿಗೆ ಕಾಣದ ಜೀವಗಳಿಗೆ ಅವುಗಳ ಪಾಲನ್ನು ಒಪ್ಪಿಸುವ ಕ್ರಿಯೆ ಇದು. ಹೊಲವಿಲ್ಲದವರನ್ನೂ ಕರೆದು ಉಣಿಸುವುದು ಹಬ್ಬದ ಅಂಗ. ಗಡಿಯಾಚೆಯ ಲಾತೂರು ಸೀಮೆಯಲ್ಲಿ ಇದೇ ಹಬ್ಬ ವೇಳ ಅಮಾವಾಸ್ಯೆಯೆಂಬ ಹೆಸರಿನಲ್ಲಿ, ಇದೇ ಕೊಂಪೆ, ಇದೇ ಪಾಂಡವರೊಡನೆ ನಡೆಯುತ್ತದೆ. ರಾಜ್ಯಗಳ ಗಡಿ 1956ರದು. ಚರಗದ ಸೀಮೆ ಅದಕ್ಕೆ ಒಳಪಟ್ಟಿಲ್ಲ. ಜೀವಜಾಲದ ಸ್ವಂತ ಮೌಲ್ಯವನ್ನು 1982ರ ಸನ್ನದು ವಾಕ್ಯರೂಪದಲ್ಲಿ ಘೋಷಿಸಿದರೆ, ಇಲ್ಲಿ ಅದು ವರ್ಷಕ್ಕೊಮ್ಮೆ ಮಾಡಿ ತೋರಿಸುವ ನಡತೆಯಾಗಿದೆ.

ನೀರಿನ ವಿಷಯದಲ್ಲಿ ಬೀದರಿನ ಕರೇಜ್, ಅಂದರೆ ಸುರಂಗ ಬಾವಿಗಳ ವ್ಯವಸ್ಥೆ, ಉಲ್ಲೇಖಾರ್ಹ. ಇರಾನಿನ ಕನಾತ್ ತಂತ್ರವನ್ನು ಅನುಸರಿಸಿ ಬಹಮನಿ ಅರಸರ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಇದು ನಿರ್ಮಾಣವಾಯಿತು. ಮೇಲಿನ ಜಂಬಿಟ್ಟಿಗೆ ಕಲ್ಲಿನ ಪದರದಲ್ಲಿ ಇಂಗಿದ ಮಳೆನೀರು ಕೆಳಗಿನ ಕರಿಕಲ್ಲಿನ ಮೇಲೆ ನಿಂತು ಹರಿಯುವುದನ್ನು ಅರಿತು, ಇಳಿಜಾರಿನ ಸುರಂಗದಿಂದ ಅದನ್ನು ಹೊರತರಲಾಯಿತು. ಈ ಪದ್ಧತಿಯ ಒಳಗೇ ಒಂದು ಮಿತಿ ಅಡಗಿದೆ: ತಾನಾಗಿ ಹರಿದು ಬಂದಷ್ಟೇ ನೀರು ದೊರೆಯುತ್ತದೆ. ಕೊಳವೆಬಾವಿಯ ಪಂಪಿಗೆ ಅಂಥ ಮಿತಿಯಿಲ್ಲ.

ಡ್ಯಾನ್ಯೂಬ್ ನದಿಯ ಅಣೆಕಟ್ಟುಗಳ ಬಗ್ಗೆ ಹಂಗೆರಿ ಮತ್ತು ಸ್ಲೊವಾಕಿಯಗಳ ನಡುವೆ ನಡೆದ ವಿವಾದದಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯವು 1997ರ ಸೆಪ್ಟೆಂಬರ್ 25ರಂದು ತೀರ್ಪಿತ್ತಿತು. ಅದರ ಉಪಾಧ್ಯಕ್ಷರಾಗಿದ್ದ ಶ್ರೀಲಂಕಾದ ಸಿ.ಜಿ. ವೀರಮಂತ್ರಿ ಅವರು ತಮ್ಮ ಪ್ರತ್ಯೇಕ ಅಭಿಪ್ರಾಯದಲ್ಲಿ, ಸುಸ್ಥಿರ ಅಭಿವೃದ್ಧಿಯು ಆಧುನಿಕ ಕಾನೂನಿನ ತತ್ತ್ವವಾಗಿರುವಂತೆಯೇ ಮಾನವಕುಲದ ಅತಿ ಹಳೆಯ ವಿಚಾರಗಳಲ್ಲಿ ಒಂದೂ ಆಗಿದೆಯೆಂದು ವಾದಿಸಿ, ಶ್ರೀಲಂಕಾದ ಕೆರೆಗಳು, ಪೂರ್ವ ಆಫ್ರಿಕದ ಕಾಲುವೆಗಳು, ಇರಾನಿನ ಕನಾತ್‌ಗಳನ್ನು ಸಾಕ್ಷ್ಯವಾಗಿ ಮುಂದಿಟ್ಟರು. ಇರಾನಿನ ಕನಾತ್ ಸಾಕ್ಷ್ಯವಾಗಬಲ್ಲದಾದರೆ ಬೀದರಿನ ಕರೇಜ್ ಕೂಡ ಆಗಬಲ್ಲದು.

6. ಪರಂಪರೆಯ ಮಿತಿಗಳು

ಈ ಸಾಮ್ಯಗಳನ್ನು ಕಂಡ ಮಾತ್ರಕ್ಕೆ, ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂಬ ತೀರ್ಮಾನಕ್ಕೆ ಬರುವುದು ಅವಸರದ ಮಾತಾದೀತು. ಗೋಮಾಳವನ್ನು ಬಿಡಬೇಕೆಂದ ಸ್ಮೃತಿಯೇ ಹುಲ್ಲು, ಕಟ್ಟಿಗೆ, ಹೂಗಳನ್ನು ಎಲ್ಲೆಡೆಯಿಂದ ತನ್ನದೆಂಬಂತೆ ತೆಗೆದುಕೊಳ್ಳುವ ಸ್ವಾತಂತ್ರ್ಯವನ್ನು ದ್ವಿಜನ ಹೆಸರೆತ್ತಿ ಹೇಳುತ್ತದೆ. ಹುಟ್ಟಲಿರುವವರ ಹಕ್ಕನ್ನು ಗುರುತಿಸಿದ ಮಿತಾಕ್ಷರೆಯ ಕುಟುಂಬದಲ್ಲಿ ಹುಟ್ಟಿನಿಂದ ಹಕ್ಕು ಬಂದದ್ದು ಗಂಡುಮಕ್ಕಳಿಗೆ. ಹೆಣ್ಣುಮಕ್ಕಳಿಗೆ ಅದೇ ಜನ್ಮಸ್ವತ್ವ ದೊರೆಯಲು ಕರ್ನಾಟಕದಲ್ಲಿ 1994ರ, ಇಡೀ ದೇಶದಲ್ಲಿ 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ಊರಿನ ಬಾವಿ ಊರಿನವರೆಲ್ಲರದೂ ಆಗಿರಲಿಲ್ಲ ಎಂಬುದಕ್ಕೆ ಅಸ್ಪೃಶ್ಯತೆಯ ಚರಿತ್ರೆಯೇ ಸಾಕ್ಷಿ. ಸಾಮುದಾಯಿಕ ಸಂಪತ್ತನ್ನು ಕುರಿತು ಮಾತನಾಡುವಾಗ ಸಮುದಾಯದ ಹೊರಗೆ ನಿಲ್ಲಿಸಲ್ಪಟ್ಟವರು ಯಾರೆಂದು ಕೇಳದಿದ್ದರೆ ಅಧ್ಯಯನ ಅರ್ಧದಲ್ಲಿ ನಿಲ್ಲುತ್ತದೆ.

ಈ ಪ್ರಶ್ನೆಯನ್ನು ಜನಪದರು ತಾವೇ ಕೇಳಿಕೊಂಡಿದ್ದಾರೆ. ‘ಕೆರೆಗೆ ಹಾರ’ ಕಥನಗೀತೆಯಲ್ಲಿ ಊರಿಗೆಲ್ಲ ನೀರಾಗಲೆಂದು ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡಲಾಗುತ್ತದೆ. ಹಿತ ಎಲ್ಲರದು, ಬಾಧೆ ಒಬ್ಬಳದು. ಅಲ್ಪಬಾಧೆಯ ಒಡ್ಡನ್ನು ತಡೆಯಬಾರದೆಂಬ ಸ್ಮೃತಿಯ ನಿಯಮವನ್ನು ಈ ಕಥನದ ಎದುರು ಇಟ್ಟಾಗ, ಬಾಧೆ ಅಲ್ಪವೆಂದು ನಿರ್ಣಯಿಸುವವರು ಯಾರು ಎಂಬ ಪ್ರಶ್ನೆ ಏಳುತ್ತದೆ. ಕಾರಂಜಾ ಜಲಾಶಯ ಬೀದರ್ ಜಿಲ್ಲೆಯ ಹೊಲಗಳಿಗೂ ಊರುಗಳಿಗೂ ನೀರು ಕೊಟ್ಟಿದೆ. ಅದರಲ್ಲಿ ಭೂಮಿ ಕಳೆದುಕೊಂಡ ಕುಟುಂಬಗಳು ತಕ್ಕ ಪರಿಹಾರಕ್ಕಾಗಿ ದೀರ್ಘಕಾಲ ಹೋರಾಡಿದ್ದೂ ಜಿಲ್ಲೆಯ ಚರಿತ್ರೆಯ ಭಾಗ. ಸಹಕಾರಿ ಸಕ್ಕರೆ ಕಾರ್ಖಾನೆಯ ಮೂಲಕ ಹಳ್ಳಿಖೇಡ (ಬಿ) ಸೀಮೆಗೆ ಕಬ್ಬಿನ ವರಮಾನ ಬಂತು. ಜೋಳ, ತೊಗರಿಗಳಿಗೆ ಸಾಕಾಗುತ್ತಿದ್ದ ನೀರು ಕಬ್ಬಿಗೆ ಸಾಲದು ಎಂಬುದೂ ಅಷ್ಟೇ ನಿಜ. ಇಂದಿನ ಲಾಭವನ್ನು ನಾಳಿನ ಅಂತರ್ಜಲದಿಂದ ಎರವಲು ತರುವಾಗ ಹುಟ್ಟದವರ ಒಪ್ಪಿಗೆ ಪಡೆಯುವವರಿಲ್ಲ.

ಸ್ವಾತಂತ್ರ್ಯೋತ್ತರ ಭಾರತದ ಕಾನೂನು ಈ ನಿಟ್ಟಿನಲ್ಲಿ ಕೆಲವು ಹೆಜ್ಜೆ ಇಟ್ಟಿದೆ. 1976ರ 42ನೆಯ ತಿದ್ದುಪಡಿಯು 48ಎ ಮತ್ತು 51ಎ (ಜಿ) ವಿಧಿಗಳನ್ನು ಸಂವಿಧಾನಕ್ಕೆ ಸೇರಿಸಿತು. 1996ರ ವೆಲ್ಲೂರು ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಮುನ್ನೆಚ್ಚರಿಕೆಯ ತತ್ತ್ವವನ್ನೂ ಮಲಿನಗೊಳಿಸಿದವನೇ ತೆರಬೇಕೆಂಬ ತತ್ತ್ವವನ್ನೂ ದೇಶದ ಕಾನೂನಿನ ಭಾಗವೆಂದು ಸಾರಿತು. 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಊರ ಸಾಮುದಾಯಿಕ ಭೂಮಿಯ ಅತಿಕ್ರಮಣಗಳನ್ನು ತೆರವುಗೊಳಿಸುವಂತೆ ಎಲ್ಲ ರಾಜ್ಯಗಳಿಗೆ ನಿರ್ದೇಶನ ನೀಡಿತು. ಶತಮಾನಗಳ ಕಾಲ ಪಾಠಕ್ಕೆ ಸೀಮಿತವಾಗಿದ್ದ ಗೋಮಾಳದ ಪ್ರಶ್ನೆ ಹೀಗೆ ಮತ್ತೆ ನ್ಯಾಯಾಲಯವನ್ನು ಪ್ರವೇಶಿಸಿತು. ವಾನುವಾಟು ಎಂಬ ಪುಟ್ಟ ದ್ವೀಪರಾಷ್ಟ್ರದ ನೇತೃತ್ವದ ಪ್ರಯತ್ನದ ಫಲವಾಗಿ ಅಂತರರಾಷ್ಟ್ರೀಯ ನ್ಯಾಯಾಲಯವು 2025ರ ಜುಲೈ 23ರಂದು ಹವಾಮಾನ ಬದಲಾವಣೆಯ ಬಗ್ಗೆ ರಾಷ್ಟ್ರಗಳ ಹೊಣೆಯನ್ನು ಕುರಿತ ಸಲಹಾತ್ಮಕ ಅಭಿಪ್ರಾಯವನ್ನು ನೀಡಿತು. ಪರಬಾಧಾ ನಿಷೇಧದ ಹಳೆಯ ತತ್ತ್ವ ಅಲ್ಲಿ ಒಂದು ಕಾರ್ಖಾನೆಯ ಹೊಗೆಯಿಂದ ಇಡೀ ಭೂಮಂಡಲದ ವಾಯುವಿಗೆ ವಿಸ್ತರಿಸಿತು.

ಒಟ್ಟಾರೆಯಾಗಿ, ಕಲ್ಯಾಣ ಸೀಮೆಯ ಪರಂಪರೆಯು ಅಂತರರಾಷ್ಟ್ರೀಯ ಪರಿಸರ ಕಾನೂನಿನ ನೇರ ಮೂಲವೆಂದು ಹೇಳಲು ಆಧಾರವಿಲ್ಲ. ಅಂಥ ವಂಶಾವಳಿಯ ಅಗತ್ಯವೂ ಇಲ್ಲ. ಒಡೆತನ ಲೋಕದಿಂದ ಹುಟ್ಟಿದ್ದು, ಅದರಲ್ಲಿ ಹುಟ್ಟದವರ ಪಾಲಿದೆ, ಬಳಕೆಗೆ ಸಾಕೆಂಬ ಮೇರೆಯಿದೆ, ಇತರ ಜೀವಗಳಿಗೆ ಚರಗದ ಋಣವಿದೆ ಎಂಬ ನಾಲ್ಕು ವಿಚಾರಗಳು ಇಲ್ಲಿ ಬೇರೆ ಬೇರೆ ವರ್ಗಗಳ, ಬೇರೆ ಬೇರೆ ಭಾಷೆಗಳ ನಡುವೆ ಸ್ವತಂತ್ರವಾಗಿ ರೂಪುಗೊಂಡವು. ಪಂಡಿತನ ಗ್ರಂಥದಲ್ಲಿದ್ದ ವಿಚಾರ ಕುಟುಂಬವನ್ನು ದಾಟಲಿಲ್ಲ, ಲಕ್ಕಮ್ಮನ ಮಾತು ನ್ಯಾಯಾಲಯವನ್ನು ತಲುಪಲಿಲ್ಲ, ಚರಗದ ಅರ್ಥ ಕಾಯಿದೆಯಾಗಲಿಲ್ಲ. ಅವುಗಳನ್ನು ಒಂದೆಡೆ ತಂದು ಓದುವಾಗ ಬಿಟ್ಟುಹೋದವರನ್ನೂ ಪಾಲುದಾರರಾಗಿ ಎಣಿಸಬೇಕಾಗುತ್ತದೆ. ಸೀಮಾವಿವಾದ ಎದ್ದಾಗ ದನಗಾಹಿಯನ್ನೂ ಕಾಡಿನವನನ್ನೂ ಕರೆದು ಕೇಳು ಎಂದ ಹಳೆಯ ವಿಧಿ ಈ ಕೆಲಸಕ್ಕೆ ಸೂಕ್ತ ಮಾರ್ಗದರ್ಶಿ. ಭೂಮಿಯ ಮೇರೆಗಳನ್ನು ಕುರಿತ ಇಂದಿನ ಜಾಗತಿಕ ವಿವಾದದಲ್ಲಿಯೂ ಅವರ ಸಾಕ್ಷ್ಯ ಇನ್ನೂ ಪೂರ್ತಿಯಾಗಿ ದಾಖಲಾಗಬೇಕಾಗಿದೆ.